ಕಾಡುಗಳನ್ನು ಜೋಡಿಸುವ ದಾರಿ ಯಾರಿಗಾಗಿ?

ಪ್ರಶ್ನೆ: ಹೆದ್ದಾರಿ, ಹೊಲ, ಬಡಾವಣೆಗಳಿಂದಾಗಿ ಬೇರೆಬೇರೆಯಾದ ಎರಡು ಕಾಡುಗಳ ನಡುವೆ ಅತಿ ಹತ್ತಿರದ ಪಟ್ಟಿಯೊಂದನ್ನು ಗುರುತಿಸಿ ಮರ ಬೆಳೆಸಿದರೆ ವನ್ಯಜೀವಿ ಕಾರಿಡಾರ್ ಆಗುವುದಿಲ್ಲವೇ? ಅದಕ್ಕೆ ವರ್ಷಗಟ್ಟಲೆ ಅಧ್ಯಯನ ಏಕೆ?

ಉತ್ತರ: ನಕ್ಷೆಯಲ್ಲಿ ಹತ್ತಿರವೆಂದು ಕಾಣುವ ದಾರಿಯಲ್ಲೇ ಪ್ರಾಣಿಗಳು ನಡೆಯುತ್ತವೆಂಬ ಖಾತರಿಯಿಲ್ಲ. ಆ ದಾರಿ ಯಾವ ಜೀವಿಗೆ ಎಂಬುದು ಮೊದಲು ತೀರ್ಮಾನವಾಗಬೇಕು. ಮರದಿಂದ ಮರಕ್ಕೆ ಸಾಗುವ ಮಂಗಗಳಿಗೆ ಕೊಂಬೆಗಳ ಸಾಲು ಕಡಿಯಬಾರದು, ಕಪ್ಪೆಗಳಿಗೆ ನೆಲದ ತೇವ ಆರಬಾರದು; ಬಯಲಿನಲ್ಲಿ ಬಾಳುವ ಕೃಷ್ಣಮೃಗಕ್ಕಾದರೋ ನೀವು ಒತ್ತಾಗಿ ನೆಟ್ಟ ಮರಗಳೇ ಅಡ್ಡಿಯಾಗುತ್ತವೆ. ಆದ್ದರಿಂದ ಯೋಜಕರು ಕಾಡು, ಹೊಲ, ಕಾಲುವೆ, ರಸ್ತೆ ಮೊದಲಾದ ಪ್ರತಿಯೊಂದು ಬಗೆಯ ನೆಲಕ್ಕೂ ಆ ಪ್ರಾಣಿ ಅದನ್ನು ದಾಟುವುದು ಎಷ್ಟು ಕಷ್ಟವೆಂಬುದಕ್ಕೆ ಅಂಕ ಕೊಟ್ಟು, ಒಟ್ಟು ಕಷ್ಟ ಅತಿ ಕಡಿಮೆಯಿರುವ ಹಾದಿಯನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸುತ್ತಾರೆ. ಈ ಅಂಕಗಳು ಅನೇಕ ಸಲ ತಜ್ಞರ ಅಂದಾಜಷ್ಟೇ ಆಗಿರುವುದರಿಂದ, ಪ್ರಾಣಿಯ ಕೊರಳಿಗೆ ಕಟ್ಟಿ ಅದರ ಓಡಾಟ ತಿಳಿಯುವ ರೇಡಿಯೊ ಕಾಲರ್, ಎದುರಿಗೆ ಬಂದ ಪ್ರಾಣಿಯ ಚಿತ್ರವನ್ನು ತಾನಾಗಿ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಅಥವಾ ಲದ್ದಿಯ ಡಿಎನ್‌ಎ ಪರೀಕ್ಷೆಯಿಂದ ತಾಳೆ ನೋಡದ ನಕ್ಷೆ ಎಷ್ಟೇ ಬಣ್ಣಬಣ್ಣವಾಗಿದ್ದರೂ ನಾನು ಅದನ್ನು ನೆಚ್ಚಲಾರೆ.

ಹಲವು ಕಿಲೋಮೀಟರ್ ಅಗಲದ ಹಾದಿಯೂ ಒಂದು ಹೆದ್ದಾರಿಯ ಬಳಿ ನಿಂತುಹೋದೀತು. ಹಣ ಮೊದಲು ಸಲ್ಲಬೇಕಾದುದು ಅಲ್ಲಿಗೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲೂ ಬೇಲಿ ಹಾಕಿ, ಪ್ರಾಣಿಗಳಿಗೆಂದೇ 6 ಮೇಲ್ಸೇತುವೆಗಳನ್ನೂ 38 ಕೆಳದಾರಿಗಳನ್ನೂ ಕಟ್ಟಿದ ಬಳಿಕ ವಾಹನಗಳಿಗೆ ಪ್ರಾಣಿಗಳು ಡಿಕ್ಕಿಯಾಗುವ ಪ್ರಕರಣಗಳು ಶೇ. 80ಕ್ಕೂ ಹೆಚ್ಚು ಇಳಿದವು. ಬೇಲಿಯಷ್ಟೇ ಇದ್ದಿದ್ದರೆ ಕಾಡು ಇನ್ನಷ್ಟು ತುಂಡಾಗುತ್ತಿತ್ತು, ಸೇತುವೆಯಷ್ಟೇ ಇದ್ದಿದ್ದರೆ ಪ್ರಾಣಿಗಳು ರಸ್ತೆಗೇ ನುಗ್ಗುತ್ತಿದ್ದವು. ಅಲ್ಲಿನ ಗ್ರಿಜ್ಲಿ ಕರಡಿ, ತೋಳಗಳು ಅಗಲವಾದ ತೆರೆದ ಸೇತುವೆಗಳನ್ನು ಮೆಚ್ಚಿದರೆ, ಕಪ್ಪು ಕರಡಿ ಮತ್ತು ಪ್ಯೂಮಾಗಳು (ಅಮೆರಿಕ ಖಂಡಗಳ ದೊಡ್ಡ ಕಾಡುಬೆಕ್ಕು) ಕಿರಿದಾದ ಕೆಳದಾರಿಗಳನ್ನು ಆರಿಸಿಕೊಂಡವು. ಗ್ರಿಜ್ಲಿಗಳು ಸೇತುವೆಗೆ ಒಗ್ಗಿಕೊಳ್ಳಲು ಹಲವು ವರ್ಷಗಳೇ ಹಿಡಿದವು. ಮೊದಲ ವರ್ಷದ ಚಿತ್ರಗಳನ್ನಷ್ಟೇ ನೋಡಿ ಯೋಜನೆ ಸೋತಿತೆನ್ನುವುದು ಆತುರದ ಮಾತು.

ಇನ್ನು, ನಡುವಿನ ನೆಲಕ್ಕೆ ಒಡೆಯರಿರುತ್ತಾರೆ. ಬೆಳೆಹಾನಿಗೆ ಸಕಾಲದಲ್ಲಿ ಪರಿಹಾರ ಸಿಗದ ರೈತರು ಬೇಲಿ ಹಾಕಿದರೆ ಅವರನ್ನು ದೂರುವಂತಿಲ್ಲ.

ಪ್ರಶ್ನೆ: ಇದೇ ದಾರಿಯಲ್ಲಿ ರೋಗ, ಕಳೆಗಳೂ ಹರಡುವುದಿಲ್ಲವೇ?

ಉತ್ತರ: ಆ ಆತಂಕ ಆಧಾರವಿಲ್ಲದ್ದಲ್ಲ, ಬೆಂಕಿಯೂ ಅದೇ ದಾರಿಯಲ್ಲಿ ಹಬ್ಬಬಹುದು. ಆದರೂ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಪೈನ್ ಕಾಡಿನ ನಡುವೆ ತೆರೆದ ಬಯಲುಗಳನ್ನು ಮಾಡಿ ನಡೆಸಿದ ದೀರ್ಘ ಪ್ರಯೋಗದಲ್ಲಿ, ಪಟ್ಟಿಯಿಂದ ಜೋಡಿಸಿದ ಬಯಲುಗಳಲ್ಲಿ ಸ್ಥಳೀಯ ಸಸ್ಯ ಪ್ರಭೇದಗಳು ಹೆಚ್ಚಿದವೇ ಹೊರತು ಹೊರಗಿನ ಕಳೆಗಳು ಹೆಚ್ಚಲಿಲ್ಲ. ಪ್ರತ್ಯೇಕವಾಗಿ ಉಳಿಯುವುದರಿಂದಲೂ ಹಾನಿಯಿದೆ. ಫ್ಲಾರಿಡಾದಲ್ಲಿ ಕೆಲವೇ ಡಜನ್‌ಗಳಿಗೆ ಇಳಿದಿದ್ದ ಪ್ಯೂಮಾಗಳಲ್ಲಿ ರಕ್ತಸಂಬಂಧಿಗಳ ಕೂಡುವಿಕೆಯಿಂದ ಸೊಟ್ಟ ಬಾಲ, ಹೃದಯದ ದೋಷಗಳು ಕಾಣಿಸಿಕೊಂಡಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಟ್ಟ ಮೇಲೆ ದೋಷಗಳು ತಗ್ಗಿ ಸಂತತಿ ಬೆಳೆಯಿತು. ಕಾರಿಡಾರ್ ಇದ್ದರೆ ಇಂಥ ಸಾಗಾಟದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಜೋಡಣೆ ಎಲ್ಲೆಡೆಯೂ ಒಳ್ಳೆಯದಲ್ಲ: ಹೊಳೆಯಲ್ಲಿ ಹೊರಗಿನ ಮೀನುಗಳು ಮೇಲ್ಹರಿವಿಗೆ ಏರದಂತೆ ಸಣ್ಣ ಒಡ್ಡೊಂದು ತಡೆದು ಸ್ಥಳೀಯ ಮೀನುಗಳನ್ನು ಕಾಪಾಡುತ್ತಿರುವಲ್ಲಿ, ಒಡ್ಡನ್ನು ತೆಗೆಯದಿರುವುದೇ ಸರಿ.