ಅಜ್ಜನ ಚಾಕು ತರಬೇಕಾ ಅಂತ ಕೇಳಿದವರಿಗೆ

ಸೆಪ್ಟೆಂಬರಿನಲ್ಲಿ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಬರುತ್ತಿದ್ದೀರಿ. ಅಜ್ಜ ಕೊಟ್ಟ ಮಡಚುವ ಚಾಕು ಸದಾ ಜೇಬಿನಲ್ಲಿರುತ್ತದೆ, ತರಬಹುದಾ ಅಂತ ಕೇಳಿದ್ದೀರಿ. ಚಳಿ, ಬಾಡಿಗೆ ಮನೆ ಬಗ್ಗೆಯೂ ಕೇಳಿದ್ದೀರಿ. ಚಳಿಗೆ ಮೈ ಒಗ್ಗಿಕೊಳ್ಳುತ್ತದೆ, ಜಾಕೆಟ್ ಇಲ್ಲೇ ಕೊಳ್ಳಿ. ಮನೆ ನೋಡದೆ ಯಾರಿಗೂ ಅಡ್ವಾನ್ಸ್ ಕಳಿಸಬೇಡಿ. ಉಳಿದದ್ದು ಬಂದ ಮೇಲೆ ತಾನಾಗೇ ಗೊತ್ತಾಗುತ್ತದೆ.

ಚಾಕುವಿನ ಮಾತು ಹಾಗಲ್ಲ.

ವಿಮಾನದಲ್ಲಿ ಅದು ಕ್ಯಾಬಿನ್ ಬ್ಯಾಗಿನಲ್ಲಿ ಇರಬಾರದು, ಚೆಕ್-ಇನ್ ಲಗೇಜಿನಲ್ಲಿ ಹಾಕಬೇಕು. ಇಷ್ಟು ಎಲ್ಲರೂ ಹೇಳುತ್ತಾರೆ. ನನಗೂ ಹೇಳಿದ್ದರು. ಇಳಿದ ಮೇಲೆ ಏನು ಅಂತ ಯಾರೂ ಹೇಳಿರಲಿಲ್ಲ.

ನಾನು ಬಂದದ್ದು 2006ರಲ್ಲಿ. ಅಪ್ಪನ ಚಾಕು ಜೊತೆಗಿತ್ತು. ಕೊಂಬಿನ ಹಿಡಿ, ತುದಿಗೆ ಹಿತ್ತಾಳೆ, ಮಸೆದು ಮಸೆದು ಸವೆದ ಅಲಗು. ದಾರ ಕತ್ತರಿಸಲು, ಪೆನ್ಸಿಲ್ ಚೂಪು ಮಾಡಲು, ಎಲ್ಲಕ್ಕೂ ಅದೇ. ನಮ್ಮ ಕಡೆ ಅದನ್ನು ಯಾರು ಆಯುಧ ಅನ್ನುತ್ತಾರೆ, ಅಲ್ವಾ? ಬಂದ ಮೂರನೇ ವಾರ ಒಂದು ಕಚೇರಿಗೆ ಕಾಗದಪತ್ರ ಕೊಡಲು ಹೋದೆ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇತ್ತು. ಚಾಕು ಸಿಕ್ಕಿತು. ಸೆಕ್ಯೂರಿಟಿಯವರು ಪೊಲೀಸರನ್ನು ಕರೆದರು.

ಬಂದ ಪೊಲೀಸ್ ಚಾಕು ಬಿಚ್ಚಿ, ಅಲಗಿನ ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿದರು. ಅಲಗು ಮಡಚಲಿಲ್ಲ. ಒಂದೇ ಮಾತು ಹೇಳಿದರು: ‘ಲಾಕ್.’ ಆಮೇಲೆ, ಇದು ನಿಮ್ಮ ಹತ್ತಿರ ಯಾಕಿದೆ ಅಂತ ಕೇಳಿದರು. ‘ಯಾವಾಗಲೂ ಇರುತ್ತದೆ, ಬೇಕಾದರೆ ಇರಲಿ ಅಂತ’ ಎಂದೆ. ಸತ್ಯವನ್ನೇ ಹೇಳಿದ್ದೆ. ಆದರೆ ಇಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಒಂದೇ: ‘ನನ್ನ ರಕ್ಷಣೆಗೆ.’

ಇಲ್ಲಿನ ನಿಯಮ 1988ರ ಕ್ರಿಮಿನಲ್ ಜಸ್ಟಿಸ್ ಆ್ಯಕ್ಟಿನಲ್ಲಿದೆ. ಮಡಚುವ ಚಾಕು ಆಗಿದ್ದು, ಅಲಗಿನ ಹರಿತವಾದ ಅಂಚಿನ ಉದ್ದ 3 ಇಂಚು (7.62 ಸೆಂಟಿಮೀಟರ್) ಮೀರದಿದ್ದರೆ ಸುಮ್ನೆ ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು. ಬಿಚ್ಚಿದ ಅಲಗು ಮಡಚದಂತೆ ಹಿಡಿದಿಡುವ ಲಾಕ್ ಇದ್ದರೆ, ಚಾಕು ಎಷ್ಟೇ ಚಿಕ್ಕದಾದರೂ ಈ ಲೆಕ್ಕಕ್ಕೆ ಬರುವುದಿಲ್ಲ. 1993ರಲ್ಲಿ ಕೋರ್ಟೇ ಹಾಗೆ ತೀರ್ಮಾನಿಸಿದೆ. ಅಂಥದ್ದು ಹೊರಗೆ ಜೊತೆಯಲ್ಲಿದ್ದರೆ ತಕ್ಕ ಕಾರಣವನ್ನು ನೀವೇ ತೋರಿಸಬೇಕು. ಕೆಲಸಕ್ಕೆ ಬೇಕಾದ ಉಪಕರಣ ಅಂದರೆ ಒಪ್ಪುತ್ತಾರೆ, ಸಿಖ್ಖರ ಕಿರ್ಪಾಣದಂಥ ಧಾರ್ಮಿಕ ಕಾರಣವನ್ನೂ ಒಪ್ಪುತ್ತಾರೆ. ಬ್ಯಾಗಿನಲ್ಲಿ ಇತ್ತು, ಮರೆತಿದ್ದೆ ಅಂದರೆ ಅಷ್ಟೇ ಸಾಲದು. ಶಿಕ್ಷೆ 4 ವರ್ಷದವರೆಗೆ ಜೈಲು ಆಗಬಹುದು. ವೀಸಾ ಮೇಲೆ ಇರುವವರಿಗೆ ಸಣ್ಣ ಕೇಸೂ ದೊಡ್ಡದೇ. ಗುಂಡಿ ಒತ್ತಿದರೆ ತೆರೆಯುವ ಫ್ಲಿಕ್ ನೈಫ್ ಅಂತೂ 2021ರಿಂದ ಇಂಗ್ಲೆಂಡಿನಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದೂ ಅಪರಾಧ.

ನನ್ನ ಮೇಲೆ ಕೇಸು ಹಾಕಲಿಲ್ಲ. ಬಂದು ಮೂರೇ ವಾರ ಅಂತ ಪಾಸ್‌ಪೋರ್ಟಿನ ಮುದ್ರೆ ಹೇಳುತ್ತಿತ್ತು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಚಾಕು ತೆಗೆದುಕೊಂಡು ಹೋದರು. ವಾಪಸ್ ಬರಲಿಲ್ಲ.

ಆ ಭಾನುವಾರ ಫೋನಿನಲ್ಲಿ ಅಪ್ಪ ಕೇಳಿದರು, ‘ಚಾಕು ಮೊಂಡಾಗಿಲ್ಲ ತಾನೇ?’ ಇಲ್ಲ ಅಪ್ಪ, ಚೆನ್ನಾಗಿದೆ ಅಂದೆ. ಅವರು ಇರುವವರೆಗೂ ಅದನ್ನೇ ಹೇಳಿದೆ. ನಿಜ ಹೇಳಿದ್ದರೆ ಒಂದು ದಿನ ಬೇಜಾರು ಮಾಡಿಕೊಂಡು ಬಿಟ್ಟುಬಿಡುತ್ತಿದ್ದರೇನೋ. ನನಗೆ ಬಾಯಿ ಬರಲಿಲ್ಲ.

ಬಂದಮೇಲೆ ರಜೆಗೆ ಬೇರೆ ದೇಶಕ್ಕೆ ಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಇಲ್ಲಿನ 3 ಇಂಚು ಅಲ್ಲಿ ನಡೆಯುವುದಿಲ್ಲ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಕಾರಣವಿಲ್ಲದೆ ಜೊತೆಗೆ ಇಟ್ಟುಕೊಳ್ಳುವಂತಿಲ್ಲ. 2024ರ ಕೊನೆಯಲ್ಲಿ ದೂರದ ರೈಲುಗಳಿಗೆ ನಿಯಮ ಇನ್ನೂ ಬಿಗಿಯಾಯಿತು. ಪ್ರತಿ ದೇಶಕ್ಕೂ ಹೊರಡುವ ಮುಂಚೆ ಅಲ್ಲಿನ ಸರ್ಕಾರಿ ವೆಬ್‌ಸೈಟ್ ನೋಡಿ. ಅಡುಗೆ ಚಾಕು ಬೇಕಾದರೆ ಇಲ್ಲೇ ಕೊಳ್ಳಿ. ಪ್ಯಾಕ್ ಒಡೆಯದೆ, ಬಿಲ್ ಜೊತೆಗಿಟ್ಟುಕೊಂಡು ನೇರ ಮನೆಗೆ ಹೋಗಿ.

ನಿಮ್ಮ ಚಾಕುವನ್ನು ಇವತ್ತೇ ಪೂರ್ತಿ ಬಿಚ್ಚಿ, ಸ್ಕೇಲು ಇಟ್ಟು ಅಳೆಯಿರಿ. ಆಮೇಲೆ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ. 3 ಇಂಚು ಮೀರಿದರೆ, ಇಲ್ಲವೇ ಮಡಚದೆ ನಿಂತರೆ ಅದನ್ನು ಅಜ್ಜನ ಕೈಗೇ ಕೊಟ್ಟು ಬನ್ನಿ. ಯಾಕೆ ಅಂತ ಅವರಿಗೆ ಬಿಡಿಸಿ ಹೇಳಿ.