ಸಿಕ್ಕಿದ್ದನ್ನು ಹಂಚುವ ಎರಡು ಪುಟ

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: "ಪ್ರತಿ ತಿಂಗಳು 'ಕಂಡದ್ದು ಕೇಳಿದ್ದು' ಎಂದು ಎರಡು ಪುಟ ತುಂಬಿಸುತ್ತೀರಿ. ಯಾವುದೋ ಕಾಲದ ಯಾರದೋ ಸಂಗತಿ. ಇಂಥವು ಫೋನಿಗೆ ದಿನಾ ಹತ್ತು ಬರುತ್ತವೆ. ಆ ಜಾಗದಲ್ಲಿ ಸಂಘಗಳ ವಾರ್ತೆ, ಫೋಟೋ ಹಾಕಿದರೆ ನಾಲ್ಕು ಜನ ಓದುತ್ತಾರೆ."

ಮಾನ್ಯರೇ,

ಫೋನಿನ ವೇಗ ಮುಂಬಯಿ ಕನ್ನಡಿಗರ ಈ ನಮ್ಮ ಮಾಸಿಕಕ್ಕಿಲ್ಲ, ಒಪ್ಪಿದೆ. ಸಂಘದ ವಾರ್ತೆಯೂ ಬೇಕು. ಆದರೆ ಆ ಎರಡು ಪುಟ ಮಾತ್ರ ನಾನು ಬಿಡಲಾರೆ.

1872ರಲ್ಲಿ ಜೇಮ್ಸ್ ಬರ್ಜೆಸ್ ಎಂಬವರು ಇದೇ ಮುಂಬಯಿಯಲ್ಲಿ 'ಇಂಡಿಯನ್ ಆಂಟಿಕ್ವರಿ' ಎಂಬ ಪತ್ರಿಕೆ ಶುರು ಮಾಡಿದರು. ಶಾಸನ, ನಾಣ್ಯ, ಹಳ್ಳಿಯ ಹಾಡು, ಯಾರಿಗೆ ಏನು ಸಿಕ್ಕಿತೋ ಅದನ್ನು ಬರೆದು ಕಳಿಸುವುದು. ಗೊತ್ತಿದ್ದವರು ಅದಕ್ಕೆ ಸೇರಿಸುವುದು, ತಿದ್ದುವುದು. ಮುಂಬಯಿ ಪ್ರಾಂತದ ಅಧಿಕಾರಿ ಜೆ. ಎಫ್. ಫ್ಲೀಟ್ ನಮ್ಮ ಉತ್ತರ ಕರ್ನಾಟಕದ ಲಾವಣಿಗಳನ್ನು ಅದರಲ್ಲಿ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ಹಾಡು, ಹಲಗಲಿ ಬೇಡರ ಹಾಡು. ಆಯುಧ ಒಪ್ಪಿಸಿ ಎಂಬ ಕಾನೂನಿಗೆ 1857ರಲ್ಲಿ ತಿರುಗಿಬಿದ್ದ ಊರು ಹಲಗಲಿ. ಅದನ್ನು ಸುಟ್ಟದ್ದು ಫ್ಲೀಟರದೇ ಸರಕಾರ. ಆದರೂ ಆ ಹಾಡನ್ನು ಅವರು ಬಚ್ಚಿಡಲಿಲ್ಲ, ಹಂಚಿದರು. ಒಬ್ಬ ಇಂಗ್ಲಿಷ್ ಅಧಿಕಾರಿಗೆ ಇದ್ದ ಈ ಆಸೆ ನಮಗೆ ನಮ್ಮ ಹಾಡಿನ ಮೇಲೆ ಇರಬೇಡವೇ?

ಕೇಳಿದ್ದು ಯಾರನ್ನು ಎಲ್ಲಿಗೆ ಎಳೆದೊಯ್ಯುತ್ತದೆ ಎಂದು ಹೇಳಲಾಗದು. ಗದಗಿನ ಒಬ್ಬ ಹುಡುಗನ ಕಿವಿಗೆ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಬಿತ್ತು. ಹನ್ನೊಂದರ ವಯಸ್ಸು. ಗುರುವನ್ನು ಹುಡುಕಿ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಕಾಲ ಬಳಿ ಕುಳಿತ. ಅವರೇ ಭೀಮಸೇನ ಜೋಶಿ. 1953ರಲ್ಲಿ ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಅವರು ಶುರು ಮಾಡಿದ ಉತ್ಸವಕ್ಕೆ ಇವತ್ತಿಗೂ ಜನ ಶಾಲು ಹೊದ್ದು ಬಂದು ಕೂರುತ್ತಾರೆ. ಆ ರೆಕಾರ್ಡು ಹಾಕಿದವರಿಗೆ ಇದೆಲ್ಲ ಗೊತ್ತಿರಲು ಸಾಧ್ಯವೇ?

ಇನ್ನು ನಿಮ್ಮ ಫೋನಿನ ಹತ್ತರ ವಿಷಯ. ಅವುಗಳಲ್ಲಿ ಯಾರು ಹೇಳಿದ್ದು, ಎಲ್ಲಿ ಸಿಕ್ಕಿದ್ದು ಎಂದು ಬರೆದಿರುವುದು ಎಷ್ಟು? ಸರಕಾರಿ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಇನ್ನೊಂದು ಎಂಬ ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಯ ಕತೆ ನಿಮಗೂ ಬಂದಿರುತ್ತದೆ, ಅಲ್ವಾ? ಅದೇ ವಿಶ್ವೇಶ್ವರಯ್ಯನವರು ಪುಣೆ ಪಕ್ಕದ ಖಡಕ್‌ವಾಸಲಾದಲ್ಲಿ 1903ರಲ್ಲಿ ಮಾಡಿದ ಕೆಲಸವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ನೀರು ಒಂದು ಮಟ್ಟ ದಾಟಿದರೆ ತಾನಾಗಿ ತೆರೆದುಕೊಳ್ಳುವ, ಇಳಿದರೆ ಮುಚ್ಚಿಕೊಳ್ಳುವ ಗೇಟು. ಕಟ್ಟೆ ಎತ್ತರಿಸದೆಯೇ ಜಾಸ್ತಿ ನೀರು ನಿಂತಿತು. ರವಿವಾರ ಸಿಂಹಗಡಕ್ಕೆ ಹೋಗುವ ನಮ್ಮ ಹುಡುಗರು ಅದೇ ಅಣೆಕಟ್ಟಿನ ಬಳಿ ನಿಂತು ಜೋಳ ತಿನ್ನುತ್ತಾರೆ. ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಹೇಳುವವರಿಲ್ಲ.

ನನ್ನ ಸಂಕಟ ಇದೇ. ಎಷ್ಟೋ ಸಂಘಗಳಲ್ಲಿ ಪುಸ್ತಕದ ಕಪಾಟಿಗೆ ಬೀಗ. ಕೀ ಯಾರ ಹತ್ತಿರ ಎಂದು ಕಮಿಟಿಯವರಿಗೇ ಗೊತ್ತಿಲ್ಲ. ಚಾಳು ಕೆಡವಿ ಟವರ್ ಏಳುವಾಗ ಅಜ್ಜಂದಿರ ಡೈರಿ, ಹಳೆಯ ಸ್ಮರಣ ಸಂಚಿಕೆ, ನಾಟಕದ ಕೈಬರಹ ಎಲ್ಲ ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ. ಹಾರ, ಶಾಲು, ಸ್ಟೇಜಿಗೆ ಹಣ ಹೊಂದಿಸುವ ನಾವು ಒಂದು ಹಳೆಯ ಹಾಡು ರೆಕಾರ್ಡ್ ಮಾಡಿಸಲು ಹಿಂದೆ ಮುಂದೆ ನೋಡುತ್ತೇವೆ. ಇದು ಬಡತನವಲ್ಲ, ಉದಾಸೀನ.

ಪತ್ರದ ಅಡಿಯಲ್ಲಿ ನೀವು ಒಂದು ಸಾಲನ್ನು ಸುಮ್ನೆ ಬರೆದು ಬಿಟ್ಟಿದ್ದೀರಿ. ನಿಮ್ಮ ತಂದೆ ಹಗಲು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು ಎಂದು. ಮಾನ್ಯರೇ, ನಾನು ಹುಡುಕುತ್ತಿರುವುದು ಇದನ್ನೇ! ಶಾಲೆ ಯಾವ ಬೀದಿಯಲ್ಲಿತ್ತು? ಕಲಿಸುತ್ತಿದ್ದವರು ಯಾರು? ಹೋಟೆಲಿನ ಯಜಮಾನರು ಬೇಗ ಬಿಡುತ್ತಿದ್ದರೇ? ಜೊತೆಯಲ್ಲಿ ಓದಿದವರು ಏನಾದರು? ಅಮ್ಮನನ್ನೂ ಕೇಳಿ, ಅವರಿಗೆ ಬೇರೆಯದೇ ನೆನಪಿರುತ್ತದೆ. ಈ ತಿಂಗಳ 20ರೊಳಗೆ ತಲುಪಿದರೆ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇನೆ. ಕೈಬರಹ ಸಾಕು, ಟೈಪ್ ನಾವು ಮಾಡಿಕೊಳ್ಳುತ್ತೇವೆ.

– ಸಂಪಾದಕ