ಹೋಮ್ ಫೋಲ್ಡರ್‌ನಲ್ಲಿ ಜಾಗ ತಿನ್ನುತ್ತಿರುವುದು ಯಾವುದು?

ಲಿನಕ್ಸ್‌ನಲ್ಲಿ ಡಿಸ್ಕ್ ತುಂಬಿದೆ, ಯಾವ ಫೋಲ್ಡರ್ ಜಾಗ ತಿನ್ನುತ್ತಿದೆ ಗೊತ್ತಾಗುತ್ತಿಲ್ಲ ಅಂದಿದ್ದೀರಿ ಅಲ್ವಾ? ಫೋಲ್ಡರ್‌ಗಳ ಗಾತ್ರ ತೋರಿಸುವ ಎನ್‌ಸಿಡಿಯು (ncdu) ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಆ ಹೆಸರು ಬರೆದು ಎಂಟರ್ ಒತ್ತಿದರೆ, ನೀವು ಆಗ ಇರುವ ಫೋಲ್ಡರನ್ನೆಲ್ಲ ಜಾಲಾಡಿ ದೊಡ್ಡದನ್ನು ಮೇಲೆ ತೋರಿಸುತ್ತದೆ. ಬಾಣದ ಕೀಗಳಿಂದ ಒಳಗೊಳಗೆ ಇಳಿಯುತ್ತಾ ಹೋಗಿ. ಡಿ ಒತ್ತಿ ಅಳಿಸಲೂಬಹುದು. ಆದರೆ ಹುಷಾರು, ಅಳಿಸಿದ್ದು ಟ್ರ್ಯಾಶ್‌ಗೆ ಹೋಗುವುದಿಲ್ಲ, ನೇರ ಮಾಯ!

ನನಗೆ ಸಿಕ್ಕ ಕಳ್ಳ ಕ್ಯಾಶೆ ಫೋಲ್ಡರ್, ಅಂದರೆ ಪ್ರೋಗ್ರಾಂಗಳು ತಾತ್ಕಾಲಿಕ ಫೈಲ್‌ಗಳನ್ನು ಇಟ್ಟುಕೊಳ್ಳುವ ಜಾಗ. ಅದರ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಲಿನಕ್ಸ್‌ನಲ್ಲಿ ಅಂಥವು ಅಡಗಿರುತ್ತವೆ, ಹಾಗಾಗಿ ಫೈಲ್ ಮ್ಯಾನೇಜರ್‌ನಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ. ಸುಮ್ನೆ ಫೋಟೊಗಳನ್ನು ಅಳಿಸುತ್ತಾ ಕೂತಿದ್ದೆ.

ಟರ್ಮಿನಲ್ ಬೇಡ ಅಂದರೆ, ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳಾದ ಗ್ನೋಮ್‌ನಲ್ಲಿ ಬಾವೊಬಾಬ್, ಕೆಡಿಇಯಲ್ಲಿ ಫೈಲ್‌ಲೈಟ್ ಎಂಬ ಪ್ರೋಗ್ರಾಂಗಳು ಇವೆ. ಎರಡೂ ಬಳೆಬಳೆಯಾಗಿ ಚಿತ್ರ ಬಿಡಿಸಿ ತೋರಿಸುತ್ತವೆ. ನೋಡಲು ಚೆಂದ, ಆದರೆ ನನ್ನ ಕೈ ಮತ್ತೆ ಎನ್‌ಸಿಡಿಯುಗೇ ಹೋಗುತ್ತದೆ.